ಕೈತೋಟದ ದೀಪಕ್ಕೆ ಎಂಥ ಟ್ರಾನ್ಸ್‌ಫಾರ್ಮರ್?

ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಮೊದಲ ಬಾರಿಗೆ ಬೆಳಗಿದ್ದು 1905ರ ಆಗಸ್ಟ್ 5ರಂದು, ಈಗಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಆವರಣದಲ್ಲಿ. ಅದಕ್ಕೆ ಬೇಕಾದ ವಿದ್ಯುತ್ತು ಬಂದದ್ದು ಕಾವೇರಿಯ ಶಿವನಸಮುದ್ರದಿಂದ. ಅಲ್ಲಿನ ಜಲವಿದ್ಯುದಾಗಾರ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ ವಿದ್ಯುತ್ ಪೂರೈಸಲು ಆರಂಭಿಸಿತ್ತು. ಅಷ್ಟು ದೂರ ಸಾಗಿಸಲು ಮೂವತ್ತು ಸಾವಿರ ವೋಲ್ಟ್‌ಗಳ ಆಸುಪಾಸಿನ ಒತ್ತಡ ಬೇಕಾಯಿತು. ವೋಲ್ಟೇಜನ್ನು ಹೀಗೆ ಏರಿಸಿ, ಊರು ತಲುಪಿದ ಮೇಲೆ ಮತ್ತೆ ಇಳಿಸುವ ಸಾಧನವೇ ಟ್ರಾನ್ಸ್‌ಫಾರ್ಮರ್. ನಮ್ಮ ಪಠ್ಯಪುಸ್ತಕಗಳು ಇದನ್ನು 'ಪರಿವರ್ತಕ' ಎನ್ನುತ್ತವೆ.

ಪಶ್ಚಿಮ ಬೆಂಗಳೂರಿನವರಿಗೆ ಪರಿವರ್ತಕ ಅಪರಿಚಿತವಲ್ಲ. 1933ರಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆಯೆಂದು ಆರಂಭವಾಗಿ ಮುಂದೆ 'ಕವಿಕಾ' ಎಂದು ಹೆಸರಾದ ಕರ್ನಾಟಕ ವಿದ್ಯುತ್ ಕಾರ್ಖಾನೆ ಇರುವುದು ಮೈಸೂರು ರಸ್ತೆಯಲ್ಲಿಯೇ. ಅಲ್ಲಿ ತಯಾರಾಗುವುದು ಬೀದಿಯ ಕಂಬಗಳ ಮೇಲೆ ಕುಳಿತು 11,000 ವೋಲ್ಟನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುವ ವಿತರಣಾ ಪರಿವರ್ತಕಗಳು. ಈ ಲೇಖನದ ವಿಷಯ ಅವುಗಳ ತೀರ ಕಿರಿಯ ತಮ್ಮ: 230 ವೋಲ್ಟನ್ನು 12 ಅಥವಾ 24 ವೋಲ್ಟ್‌ಗೆ ಇಳಿಸಿ, ಕೈತೋಟದ, ಶಾಲೆಯ ಅಂಗಳದ, ಉದ್ಯಾನದ ದೀಪಗಳನ್ನು ಬೆಳಗಿಸುವ ಪುಟ್ಟ ಪೆಟ್ಟಿಗೆ.

ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳ ಮುಂದಿನ ಹತ್ತಡಿ ತೋಟದಲ್ಲಿ, ವಿಜಯನಗರದ ಶಾಲೆಗಳ ಅಂಗಳದಲ್ಲಿ, ಕೆಂಗೇರಿಯ ಹೊಸ ಬಡಾವಣೆಗಳ ನಡೆದಾಡುವ ದಾರಿಗಳಲ್ಲಿ ಇಂಥ ದೀಪಗಳನ್ನು ನೀವು ನೋಡಿರುತ್ತೀರಿ. ಇವುಗಳಿಗೆ ಪರಿವರ್ತಕ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: 'ಎಷ್ಟು ವಾಟ್‌ನದು ಬೇಕು?' ಆದರೆ ಕೇಳಬೇಕಾದ ಪ್ರಶ್ನೆಗಳು ಕನಿಷ್ಠ ಐದಿವೆ. ಅವೆಲ್ಲಕ್ಕೂ ಉತ್ತರ ಪ್ರೌಢಶಾಲೆಯ ಮತ್ತು ಪಿಯುಸಿಯ ಭೌತಶಾಸ್ತ್ರದಲ್ಲಿಯೇ ಇದೆ. ಒಂದೊಂದಾಗಿ ನೋಡೋಣ.

ತೋಟಕ್ಕೆ 230 ವೋಲ್ಟ್ ಏಕೆ ಬೇಡ?

2023ರ ನವೆಂಬರ್ ತಿಂಗಳಲ್ಲಿ ನಗರದ ಪೂರ್ವಭಾಗದ ಕಾಡುಗೋಡಿಯ ಬಳಿ ಕಾಲುದಾರಿಯ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ತಾಯಿ ಮತ್ತು ಹಸುಗೂಸು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಓದಿದವರು ಮರೆತಿರಲಾರರು. ಅದು ಬೀದಿಯ ತಂತಿ. ಆದರೆ ನೆಲದ ಮೇಲೆ ನಿಂತವನಿಗೆ ಮನೆಯ 230 ವೋಲ್ಟ್ ಕೂಡ ಸಾಕು ಎಂಬುದನ್ನು ಒಂದು ಸರಳ ಲೆಕ್ಕ ತೋರಿಸುತ್ತದೆ.

ಒಣ ಚರ್ಮದ ರೋಧ ಹಲವು ಸಾವಿರ ಓಮ್‌ಗಳಷ್ಟಿರಬಹುದು. ಕೈಕಾಲು ಒದ್ದೆಯಾಗಿ, ಬರಿಗಾಲಲ್ಲಿ ಹಸಿ ಮಣ್ಣಿನ ಮೇಲೆ ನಿಂತಾಗ ದೇಹದ ಒಟ್ಟು ರೋಧ 1000 ಓಮ್‌ನ ಹತ್ತಿರಕ್ಕೆ ಇಳಿಯಬಹುದು. ಆಗ ಓಮ್‌ನ ನಿಯಮದಂತೆ ಹರಿಯುವ ಪ್ರವಾಹ:

230 ವೋಲ್ಟ್ ÷ 1000 ಓಮ್ = 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್.

ಸುಮಾರು ಅರ್ಧ ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುವುದು ತಿಳಿಯುತ್ತದೆ. 10 ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಸೆಟೆದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಬರುತ್ತದೆ. 30 ಮಿಲಿಆಂಪಿಯರ್ ಮೀರಿದ ಪ್ರವಾಹ ಕೆಲಕಾಲ ಹರಿದರೆ ಹೃದಯದ ಲಯ ತಪ್ಪುವ ಅಪಾಯವಿದೆ. 230 ಮಿಲಿಆಂಪಿಯರ್ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ.

ಅದೇ ವ್ಯಕ್ತಿ ಅದೇ ಸ್ಥಿತಿಯಲ್ಲಿ 12 ವೋಲ್ಟ್ ತಂತಿ ಮುಟ್ಟಿದರೆ, ತೀರ ಕೆಟ್ಟ ಸಂದರ್ಭವೆಂದು ಭಾವಿಸಿದರೂ, ಹರಿಯುವುದು 12 ಮಿಲಿಆಂಪಿಯರ್. ಚರ್ಮದ ರೋಧ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚಾಗಿರುವುದರಿಂದ ವಾಸ್ತವದಲ್ಲಿ ಇದು ಇನ್ನೂ ಕಡಿಮೆ. ಆದ್ದರಿಂದಲೇ ಅಂತರರಾಷ್ಟ್ರೀಯ ಮಾನಕಗಳು ಪರ್ಯಾಯ ವಿದ್ಯುತ್ತಿನಲ್ಲಿ 50 ವೋಲ್ಟ್‌ಗಿಂತ ಕೆಳಗಿನದನ್ನು ಅತಿ ಕಡಿಮೆ ವೋಲ್ಟೇಜ್ ಎಂದು ಪರಿಗಣಿಸುತ್ತವೆ. ಈಜುಕೊಳದ ನೀರಿನೊಳಗಿನ ದೀಪಗಳಿಗಂತೂ ಪರ್ಯಾಯ ವಿದ್ಯುತ್ತಿನಲ್ಲಿ 12 ವೋಲ್ಟನ್ನು ಮೀರುವಂತಿಲ್ಲ.

ಬೆಂಗಳೂರಿನಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ಕಳೆಯುವವರೆಗೂ ಮಳೆ ಬಿಟ್ಟುಬಿಟ್ಟು ಸುರಿಯುತ್ತಲೇ ಇರುತ್ತದೆ. ಉಳಿದ ದಿನಗಳಲ್ಲಿ ಮಾಲಿ ಸಂಜೆ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಾನೆ. ಗುದ್ದಲಿಯ ಏಟಿಗೆ ಕೇಬಲ್ಲಿನ ಹೊದಿಕೆ ಕಿತ್ತು ಬರುವುದೂ, ಹೆಗ್ಗಣ ಅದನ್ನು ಕಡಿಯುವುದೂ ಅಪರೂಪವಲ್ಲ. ಮಕ್ಕಳು ಆಡುವ ಜಾಗದಲ್ಲಿ ಇಂಥ ದೋಷ ಯಾವತ್ತಾದರೂ ಆಗಿಯೇ ಆಗುತ್ತದೆಂದು ಭಾವಿಸಿ ವ್ಯವಸ್ಥೆ ರೂಪಿಸುವುದೇ ಜಾಣತನ.

ಕಡಿಮೆ ವೋಲ್ಟೇಜ್ ಮಾತ್ರ ಸಾಲದು, ಬೇರ್ಪಡಿಕೆಯೂ ಬೇಕು

ಇಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಬೀದಿಯ ವಿತರಣಾ ಪರಿವರ್ತಕದ ನ್ಯೂಟ್ರಲ್ ತುದಿಯನ್ನು ಭೂಮಿಗೆ ಜೋಡಿಸಿರುತ್ತಾರೆ. ಹೀಗಾಗಿ ಫೇಸ್ ತಂತಿಯನ್ನು ಮುಟ್ಟಿ ನೆಲದ ಮೇಲೆ ನಿಂತವನು, ನ್ಯೂಟ್ರಲ್ ತಂತಿಯನ್ನು ಮುಟ್ಟದಿದ್ದರೂ, ಭೂಮಿಯ ಮೂಲಕವೇ ಮಂಡಲವನ್ನು ಪೂರ್ಣಗೊಳಿಸುತ್ತಾನೆ. ಶಾಕ್ ಹೊಡೆಯುವುದು ಈ ಕಾರಣದಿಂದ.

ಎರಡು ಪ್ರತ್ಯೇಕ ಸುರುಳಿಗಳಿರುವ ಪರಿವರ್ತಕದಲ್ಲಿ ಪ್ರಾಥಮಿಕ ಸುರುಳಿಗೂ ದ್ವಿತೀಯಕ ಸುರುಳಿಗೂ ತಂತಿಯ ಸಂಪರ್ಕವಿಲ್ಲ. ಶಕ್ತಿ ದಾಟುವುದು ಕಬ್ಬಿಣದ ತಿರುಳಿನಲ್ಲಿ ಬದಲಾಗುತ್ತಿರುವ ಕಾಂತಕ್ಷೇತ್ರದ ಮೂಲಕ ಮಾತ್ರ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ಫಲ ಇದು. ದ್ವಿತೀಯಕದ ಯಾವ ತುದಿಯನ್ನೂ ಭೂಮಿಗೆ ಜೋಡಿಸದಿದ್ದರೆ, ಅದರ ಒಂದೇ ತಂತಿಯನ್ನು ಮುಟ್ಟಿದವನ ಮೂಲಕ ಪ್ರವಾಹ ಹರಿಯಲು ದಾರಿಯೇ ಇರುವುದಿಲ್ಲ. ಹೀಗೆ ರಕ್ಷಣೆ ಎರಡು ಪಟ್ಟಾಗುತ್ತದೆ: ವೋಲ್ಟೇಜೂ ಕಡಿಮೆ, ಭೂಮಿಯ ಮೂಲಕ ಮಂಡಲವೂ ಇಲ್ಲ.

ಆದರೆ ವೋಲ್ಟೇಜನ್ನು ಇಳಿಸುವ ಎಲ್ಲ ಸಾಧನಗಳಲ್ಲಿಯೂ ಈ ಬೇರ್ಪಡಿಕೆ ಇರುವುದಿಲ್ಲ. ಆಟೋ-ಟ್ರಾನ್ಸ್‌ಫಾರ್ಮರ್‌ನಲ್ಲಿ ಇರುವುದು ಒಂದೇ ಸುರುಳಿ. ಅದರ ಒಂದು ಭಾಗದಿಂದ 12 ವೋಲ್ಟ್ ತೆಗೆಯಲಾಗುತ್ತದೆ. ಎರಡು ಕಡ್ಡಿಯ ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದಿರೆಂದು ಭಾವಿಸಿ. ಆಗ ಎರಡು ಹೊರತಂತಿಗಳ ನಡುವೆ 12 ವೋಲ್ಟೇ ಇರುತ್ತದೆ, ದೀಪವೂ ಸರಿಯಾಗಿ ಉರಿಯುತ್ತದೆ. ಆದರೆ ನೆಲಕ್ಕೆ ಹೋಲಿಸಿದರೆ ಒಂದು ತಂತಿ 230 ವೋಲ್ಟ್‌ನಲ್ಲಿಯೂ ಇನ್ನೊಂದು 218 ವೋಲ್ಟ್‌ನಲ್ಲಿಯೂ ಇರುತ್ತವೆ! ಕೆಪಾಸಿಟರ್ ಬಳಸಿ ವೋಲ್ಟೇಜ್ ಇಳಿಸುವ ಅಗ್ಗದ ಮಂಡಲಗಳದೂ ಇದೇ ಕಥೆ. ದೀಪ ಉರಿಯುವುದು ಸುರಕ್ಷತೆಗೆ ಸಾಕ್ಷಿಯಲ್ಲ.

ಆದ್ದರಿಂದ ಕೊಳ್ಳುವಾಗ 'ಸುರಕ್ಷತಾ ಬೇರ್ಪಡಿಕೆ' ಇರುವ ಪರಿವರ್ತಕವನ್ನೇ, ಅಂದರೆ ಅಂಗಡಿಯ ಮಾತಿನಲ್ಲಿ 'ಸೇಫ್ಟಿ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್' ಎಂಬುದನ್ನೇ ಕೇಳಿ. ಇದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಇಸಿ 61558-2-6. ಕಬ್ಬಿಣದ ತಿರುಳಿನ ಪರಿವರ್ತಕವಾದರೆ, ಯಾವುದಕ್ಕೂ ಜೋಡಿಸದ ಸ್ಥಿತಿಯಲ್ಲಿ ಮಲ್ಟಿಮೀಟರಿನ ಒಂದು ಮೊನೆಯನ್ನು ಪ್ರಾಥಮಿಕದ ತಂತಿಗೂ ಇನ್ನೊಂದನ್ನು ದ್ವಿತೀಯಕದ ತಂತಿಗೂ ಇಟ್ಟು ರೋಧ ಅಳೆಯಿರಿ. ಅನಂತ ರೋಧ ತೋರಿಸಬೇಕು. ಕೆಲವು ಓಮ್‌ಗಳನ್ನು ತೋರಿಸಿದರೆ ಅದು ಆಟೋ-ಟ್ರಾನ್ಸ್‌ಫಾರ್ಮರ್, ತೋಟಕ್ಕೆ ಸಲ್ಲದು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಅವಾಹಕದ ಗುಣಮಟ್ಟ ಸಾಬೀತಾಯಿತೆಂದಲ್ಲ. ಅದಕ್ಕೆ ಮಾನಕದ ಗುರುತೇ ಆಧಾರ.

ಪೆಟ್ಟಿಗೆಯೊಳಗೆ ಏನಿದೆ?

ಸುರುಳಿಯ ಪ್ರತಿಯೊಂದು ಸುತ್ತಿನಲ್ಲಿ ಪ್ರೇರಿತವಾಗುವ ವೋಲ್ಟೇಜು 4.44 × ಆವೃತ್ತಿ × ಗರಿಷ್ಠ ಕಾಂತಸಾಂದ್ರತೆ × ತಿರುಳಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಸಮ. ತಿರುಳಿನ ವಿಸ್ತೀರ್ಣ 6 ಚದರ ಸೆಂಟಿಮೀಟರ್, ಕಾಂತಸಾಂದ್ರತೆ 1.2 ಟೆಸ್ಲಾ, ಆವೃತ್ತಿ 50 ಹರ್ಟ್ಸ್ ಎಂದಿಟ್ಟುಕೊಂಡರೆ:

4.44 × 50 × 1.2 × 0.0006 = ಸುತ್ತೊಂದಕ್ಕೆ 0.16 ವೋಲ್ಟ್.

ಆದ್ದರಿಂದ 230 ವೋಲ್ಟ್‌ನ ಕಡೆ ಸುಮಾರು 1440 ಸುತ್ತುಗಳೂ 12 ವೋಲ್ಟ್‌ನ ಕಡೆ 75 ಸುತ್ತುಗಳೂ ಬೇಕು. ಸುರುಳಿಯೊಳಗಿನ ನಷ್ಟವನ್ನು ಸರಿದೂಗಿಸಲು ದ್ವಿತೀಯಕದಲ್ಲಿ ಇನ್ನು ಕೆಲವು ಸುತ್ತುಗಳನ್ನು ಸೇರಿಸುತ್ತಾರೆ. ಈ ಕೆಲವೇ ಸುತ್ತುಗಳು ಮುಂದೆ ಒಂದು ತೊಂದರೆ ಕೊಡುವುದನ್ನು ನೋಡಲಿದ್ದೇವೆ.

ಸೂತ್ರದಲ್ಲಿ ಆವೃತ್ತಿಯೂ ಗುಣಿಸಲ್ಪಡುವುದನ್ನು ಗಮನಿಸಿ. ಆವೃತ್ತಿಯನ್ನು 50 ಹರ್ಟ್ಸ್‌ನಿಂದ ಹತ್ತಾರು ಸಾವಿರ ಹರ್ಟ್ಸ್‌ಗೆ ಏರಿಸಿದರೆ ಸಣ್ಣ ತಿರುಳು, ಕೆಲವೇ ಸುತ್ತುಗಳು ಸಾಕು. ಅಂಗೈಯಲ್ಲಿ ಹಿಡಿಸುವ 'ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್' ಮತ್ತು ಎಲ್‌ಇಡಿ ಡ್ರೈವರ್‌ಗಳ ರಹಸ್ಯ ಇದೇ. ಮಾರುಕಟ್ಟೆಯಲ್ಲಿ ನಿಮಗೆ ಮೂರು ಬಗೆಗಳು ಸಿಗುತ್ತವೆ:

ಒಂದು, ಕಬ್ಬಿಣದ ತಿರುಳಿನದು. ಭಾರ ಹೆಚ್ಚು, ಆದರೆ ಗಟ್ಟಿಮುಟ್ಟು. ಸಿಡಿಲಿನ ದಿನಗಳ ವೋಲ್ಟೇಜ್ ಏರಿಳಿತವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಹೊರಬರುವುದು 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್.

ಎರಡು, ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್. ಇದು ಹುಟ್ಟಿದ್ದು ಹ್ಯಾಲೊಜೆನ್ ದೀಪಗಳಿಗಾಗಿ. ಇಂಥವಲ್ಲಿ ಹಲವಕ್ಕೆ ಕನಿಷ್ಠ ಹೊರೆ, ಉದಾಹರಣೆಗೆ 20 ವಾಟ್, ಬೇಕೇಬೇಕು. 35 ವಾಟ್‌ನ ಹ್ಯಾಲೊಜೆನ್ ತೆಗೆದು 5 ವಾಟ್‌ನ ಎಲ್‌ಇಡಿ ಹಾಕಿದರೆ ದೀಪ ಮಿಣುಕತೊಡಗುತ್ತದೆ. ದೋಷ ದೀಪದ್ದಲ್ಲ, ಜೋಡಿಯದು.

ಮೂರು, ನೇರ ವಿದ್ಯುತ್ ಕೊಡುವ ಎಲ್‌ಇಡಿ ಡ್ರೈವರ್. ಹೊರೆ ಬದಲಾದರೂ ವೋಲ್ಟೇಜ್ ಸ್ಥಿರವಾಗಿರುತ್ತದೆ. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟ ವಸ್ತುವಾದ್ದರಿಂದ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಬೇಕು.

ದೀಪದ ಮೇಲೆ '12 ವಿ ಡಿಸಿ' ಎಂದಷ್ಟೇ ಬರೆದಿದ್ದರೆ ಮೂರನೆಯದೇ ಬೇಕು. 'ಎಸಿ/ಡಿಸಿ' ಎಂದಿದ್ದರೆ ಮೊದಲನೆಯದೂ ಆದೀತು. ದೀಪವನ್ನು ಮೊದಲು ಆರಿಸಿ, ಆಮೇಲೆ ಪರಿವರ್ತಕವನ್ನು ಆರಿಸುವುದು ಸರಿಯಾದ ಕ್ರಮ.

ವಾಟ್ ಅಲ್ಲ, ವೋಲ್ಟ್-ಆಂಪಿಯರ್

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿಜಯನಗರದ ಒಂದು ಶಾಲೆಯ ಗೇಟಿನಿಂದ ಕಟ್ಟಡದವರೆಗೆ 30 ಮೀಟರ್ ಕಾಲುದಾರಿ. ದಾರಿಯುದ್ದಕ್ಕೂ 3 ಮೀಟರಿಗೊಂದರಂತೆ 10 ದೀಪಗಳು. ಪ್ರತಿಯೊಂದೂ 5 ವಾಟ್‌ನ, 12 ವೋಲ್ಟ್ ಎಸಿ/ಡಿಸಿ ಎಲ್‌ಇಡಿ. ಒಟ್ಟು 50 ವಾಟ್. ಹಾಗಾದರೆ 50 ವಾಟ್‌ನ ಪರಿವರ್ತಕ ಸಾಕೇ?

ಸಾಲದು. ಎಲ್‌ಇಡಿ ದೀಪದೊಳಗಿನ ಮಂಡಲ ಪರ್ಯಾಯ ವಿದ್ಯುತ್ತನ್ನು ಸಮವಾಗಿ ಹೀರದೆ, ಅಲೆಯ ತುದಿಯಲ್ಲಿ ಗಬಕ್ಕನೆ ಎಳೆದುಕೊಳ್ಳುತ್ತದೆ. ಇದರಿಂದ ಪವರ್ ಫ್ಯಾಕ್ಟರ್ ಕುಗ್ಗುತ್ತದೆ. ಅದು 0.6 ಇದ್ದರೆ, 50 ವಾಟ್ ದುಡಿಮೆಗೆ ಪರಿವರ್ತಕ ಒದಗಿಸಬೇಕಾದದ್ದು:

50 ÷ 0.6 = 83 ವೋಲ್ಟ್-ಆಂಪಿಯರ್ (ವಿಎ).

ಸುರುಳಿಯನ್ನು ಬಿಸಿ ಮಾಡುವುದು ವಾಟ್ ಅಲ್ಲ, ಅದರಲ್ಲಿ ಹರಿಯುವ ಪ್ರವಾಹ. ಆದ್ದರಿಂದಲೇ ಪರಿವರ್ತಕಗಳ ಮೇಲೆ ವಿಎ ಎಂದು ನಮೂದಿಸುತ್ತಾರೆ. ಇನ್ನು, ಪರಿವರ್ತಕವನ್ನು ಅದರ ಸಾಮರ್ಥ್ಯದ ಶೇಕಡಾ 80ರಷ್ಟು ಮಾತ್ರ ದುಡಿಸುವುದು ಒಳ್ಳೆಯ ರೂಢಿ. 83 ÷ 0.8 = 104. ಹೀಗಾಗಿ 120 ವಿಎ ಪರಿವರ್ತಕ ತಕ್ಕುದು.

'ಮುಂದೆ ಬೇಕಾದೀತು' ಎಂದು 300 ವಿಎ ತಂದರೆ? ಅಲ್ಲಿಯೂ ತೊಂದರೆಯಿದೆ. ಆಗಲೇ ಹೇಳಿದ ಹೆಚ್ಚುವರಿ ಸುತ್ತುಗಳನ್ನು ನೆನಪಿಸಿಕೊಳ್ಳಿ. '12 ವೋಲ್ಟ್' ಎಂಬುದು ಪೂರ್ಣ ಹೊರೆಯಲ್ಲಿ ಸಿಗುವ ಬೆಲೆ. ಹೊರೆಯಿಲ್ಲದಾಗ ಸಣ್ಣ ಪರಿವರ್ತಕದ ವೋಲ್ಟೇಜು ಶೇಕಡಾ 10ರಷ್ಟು ಏರಿ 13.2 ಆಗಬಹುದು. ಜೊತೆಗೆ ಮನೆಗೆ ಬರುವ ವೋಲ್ಟೇಜು ನಡುರಾತ್ರಿ ಶೇಕಡಾ 10ರಷ್ಟು ಏರಿದರೆ 14.5 ವೋಲ್ಟ್! 12 ವೋಲ್ಟ್‌ಗೆಂದು ಮಾಡಿದ ದೀಪದ ಆಯುಷ್ಯ ಕುಗ್ಗುವುದು ಹೀಗೆ. ಹೊರೆ ಮೀರಿದರೆ ಪರಿವರ್ತಕ ಸುಡುತ್ತದೆ, ಹೊರೆ ತೀರ ಕಡಿಮೆಯಾದರೆ ದೀಪ ಸುಡುತ್ತದೆ. ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು, ಶೇಕಡಾ 80ಕ್ಕಿಂತ ಕಡಿಮೆ ಎಂಬ ಗೆರೆಯೊಳಗೆ ಇದ್ದರೆ ಎರಡೂ ಕ್ಷೇಮ.

ಕೇಬಲ್ಲಿನಲ್ಲಿ ಕಳೆದುಹೋಗುವ ವೋಲ್ಟ್‌ಗಳು

ತೋಟದ ದೀಪಗಳ ಬಗೆಗೆ ಸಾಮಾನ್ಯವಾಗಿ ಕೇಳಿಬರುವ ದೂರು ಇದು: 'ಮೊದಲ ದೀಪ ಪ್ರಖರವಾಗಿದೆ, ಕೊನೆಯದು ಮಂಕಾಗಿದೆ.' ಕಾರಣ ಪರಿವರ್ತಕವಲ್ಲ, ತಂತಿ.

ಶಿವನಸಮುದ್ರದ ಇಂಜಿನಿಯರುಗಳು ವೋಲ್ಟೇಜನ್ನು ಏರಿಸಿದ್ದೇಕೆ? ಅದೇ ಶಕ್ತಿಯನ್ನು ಕಡಿಮೆ ಪ್ರವಾಹದಲ್ಲಿ ಸಾಗಿಸಬಹುದೆಂದು. ತಂತಿಯಲ್ಲಿನ ನಷ್ಟ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದು. ತೋಟದಲ್ಲಿ ನಾವು ಮಾಡುತ್ತಿರುವುದು ಇದರ ತದ್ವಿರುದ್ಧ. ಸುರಕ್ಷತೆಗಾಗಿ ವೋಲ್ಟೇಜನ್ನು 230ರಿಂದ 12ಕ್ಕೆ ಇಳಿಸಿದಾಗ ಪ್ರವಾಹ 19 ಪಟ್ಟು ಹೆಚ್ಚುತ್ತದೆ. ಅದೇ ತಂತಿಯಲ್ಲಿ ನಷ್ಟ 19.2ರ ವರ್ಗ, ಅಂದರೆ ಸುಮಾರು 367 ಪಟ್ಟು ಏರುತ್ತದೆ. ಸುರಕ್ಷತೆಗೆ ನಾವು ತೆರುವ ಬೆಲೆ ಇದು. ಲೆಕ್ಕ ಹಾಕಿದರೆ ಈ ಬೆಲೆಯನ್ನು ಬಹಳ ತಗ್ಗಿಸಬಹುದು.

ನಮ್ಮ ಶಾಲೆಯ ಹೊರೆ 83 ವಿಎ. 12 ವೋಲ್ಟ್‌ನಲ್ಲಿ ಪ್ರವಾಹ 6.9 ಆಂಪಿಯರ್. ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ 1.5 ಚದರ ಮಿಲಿಮೀಟರಿನದಾದರೆ 12.1 ಓಮ್, 2.5ಕ್ಕೆ 7.41, 4ಕ್ಕೆ 4.61, 6ಕ್ಕೆ 3.08 ಓಮ್. ಹೋಗುವ ತಂತಿ, ಬರುವ ತಂತಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದರಿಂದ 30 ಮೀಟರ್ ದಾರಿಗೆ ತಂತಿಯ ಉದ್ದ 60 ಮೀಟರ್. ವಿದ್ಯಾರ್ಥಿಗಳು ಮರೆಯುವುದು ಇದನ್ನೇ.

ಇಡೀ ಹೊರೆ ಕೊನೆಯಲ್ಲಿಯೇ ಇದೆಯೆಂದು ಮೊದಲು ಭಾವಿಸೋಣ. ಆಗ ವೋಲ್ಟೇಜಿನ ಕುಸಿತ 1.5 ಚ.ಮಿ.ಮೀ. ತಂತಿಯಲ್ಲಿ 5.0 ವೋಲ್ಟ್, 2.5ರಲ್ಲಿ 3.1, 4ರಲ್ಲಿ 1.9, 6ರಲ್ಲಿ 1.3 ವೋಲ್ಟ್. ಆದರೆ ದೀಪಗಳು ದಾರಿಯುದ್ದಕ್ಕೂ ಹಂಚಿಹೋಗಿವೆ. ಮೊದಲ 3 ಮೀಟರಿನಲ್ಲಿ 10 ದೀಪಗಳ ಪ್ರವಾಹ, ಎರಡನೆಯದರಲ್ಲಿ 9, ಹೀಗೆ ಕೊನೆಯ ತುಂಡಿನಲ್ಲಿ ಒಂದೇ ದೀಪದ ಪ್ರವಾಹ. 10 + 9 + 8 + ... + 1 = 55. ಇಡೀ ಹೊರೆ ಕೊನೆಯಲ್ಲಿದ್ದಿದ್ದರೆ ಇದು 10 × 10 = 100 ಆಗುತ್ತಿತ್ತು. ಆದ್ದರಿಂದ ನಿಜವಾದ ಕುಸಿತ ಮೇಲಿನ ಅಂಕಿಗಳ ಶೇಕಡಾ 55.

ಇನ್ನು ಪರಿವರ್ತಕವನ್ನು ಗೇಟಿನ ಬಳಿ ಇಡುವ ಬದಲು ದಾರಿಯ ನಡುವೆ ಇಟ್ಟು, ಎರಡೂ ಕಡೆಗೆ ಐದೈದು ದೀಪಗಳ ಎರಡು ಕವಲು ಮಾಡಿದರೆ? ಪ್ರತಿ ಕವಲಿನಲ್ಲಿ 5 + 4 + 3 + 2 + 1 = 15. ಕುಸಿತ 100ರಿಂದ 15ಕ್ಕೆ ಇಳಿಯಿತು! ಕೊನೆಯ ದೀಪದವರೆಗಿನ ಕುಸಿತವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ:

1.5 ಚ.ಮಿ.ಮೀ.: ಒಂದು ತುದಿಯಿಂದ 2.8 ವೋಲ್ಟ್, ನಡುವಿನಿಂದ 0.75 ವೋಲ್ಟ್
2.5 ಚ.ಮಿ.ಮೀ.: ಒಂದು ತುದಿಯಿಂದ 1.7 ವೋಲ್ಟ್, ನಡುವಿನಿಂದ 0.46 ವೋಲ್ಟ್
4 ಚ.ಮಿ.ಮೀ.: ಒಂದು ತುದಿಯಿಂದ 1.05 ವೋಲ್ಟ್, ನಡುವಿನಿಂದ 0.29 ವೋಲ್ಟ್
6 ಚ.ಮಿ.ಮೀ.: ಒಂದು ತುದಿಯಿಂದ 0.70 ವೋಲ್ಟ್; ನಡುವಿನಿಂದ 0.19 ವೋಲ್ಟ್

ಕುಸಿತ ಶೇಕಡಾ 5ರೊಳಗೆ, ಅಂದರೆ 0.6 ವೋಲ್ಟ್‌ನೊಳಗೆ ಇರಲಿ ಎಂಬುದು ನಮ್ಮ ಗುರಿಯಾದರೆ, ಒಂದು ತುದಿಯಿಂದ ಪೂರೈಸಿದಾಗ 6 ಚ.ಮಿ.ಮೀ. ದಪ್ಪದ ದುಬಾರಿ ಕೇಬಲ್ ಕೂಡ ಸೋಲುತ್ತದೆ. ನಡುವಿನಿಂದ ಪೂರೈಸಿದರೆ ಸಾಧಾರಣ 2.5 ಚ.ಮಿ.ಮೀ. ಕೇಬಲ್ ಗೆಲ್ಲುತ್ತದೆ. ಪರಿವರ್ತಕ ಎಷ್ಟು ದೊಡ್ಡದು ಎಂಬಷ್ಟೇ ಎಲ್ಲಿದೆ ಎಂಬುದೂ ಮುಖ್ಯ.

ನಡುವೆ ಇಡಲು ಜಾಗವಿಲ್ಲದಿದ್ದರೆ 24 ವೋಲ್ಟ್‌ನ ದೀಪ ಮತ್ತು ಪರಿವರ್ತಕ ಆರಿಸಿ. ಪ್ರವಾಹ ಅರ್ಧವಾಗುತ್ತದೆ, ಕುಸಿತವೂ ಅರ್ಧವಾಗುತ್ತದೆ, 24ಕ್ಕೆ ಹೋಲಿಸಿದಾಗ ಅದರ ಶೇಕಡಾವಾರು ಕಾಲು ಭಾಗಕ್ಕೆ ಇಳಿಯುತ್ತದೆ. 2.5 ಚ.ಮಿ.ಮೀ. ಕೇಬಲ್ಲಿನಲ್ಲಿ ಒಂದು ತುದಿಯಿಂದಲೇ ಪೂರೈಸಿದರೂ ಕುಸಿತ 0.85 ವೋಲ್ಟ್, ಅಂದರೆ ಶೇಕಡಾ 3.5 ಮಾತ್ರ. 24 ವೋಲ್ಟ್ ಕೂಡ ಅತಿ ಕಡಿಮೆ ವೋಲ್ಟೇಜಿನ ಮಿತಿಯೊಳಗೇ ಇದೆ. ಕಾರಂಜಿ ಅಥವಾ ಕೊಳದ ನೀರಿನೊಳಗೆ ಮಾತ್ರ 12 ವೋಲ್ಟನ್ನೇ ಉಳಿಸಿಕೊಳ್ಳಿ.

ಒಂದು ಎಚ್ಚರಿಕೆ. ಪ್ರವಾಹ ಬದಲಾಗುವುದಿಲ್ಲವೆಂದು ಇಲ್ಲಿ ಭಾವಿಸಿದ್ದೇವೆ. ಒಳಗೆ ಡ್ರೈವರ್ ಇರುವ ಎಲ್‌ಇಡಿ ದೀಪಗಳು ವೋಲ್ಟೇಜ್ ಕುಸಿದಷ್ಟೂ ಹೆಚ್ಚು ಪ್ರವಾಹ ಎಳೆಯುತ್ತವೆ. ಹೀಗಾಗಿ ಕುಸಿತ ಹೆಚ್ಚಿರುವ ಕಡೆ ವಾಸ್ತವ ಸ್ಥಿತಿ ಲೆಕ್ಕಕ್ಕಿಂತ ಕೆಟ್ಟದಾಗಿರುತ್ತದೆ.

ಫ್ಯೂಸು ಎಲ್ಲಿರಬೇಕು?

'ಮನೆಯಲ್ಲಿ ಎಂಸಿಬಿ ಇದೆಯಲ್ಲ' ಎಂದು ಬಹಳ ಜನ ನಿಶ್ಚಿಂತರಾಗಿರುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ನಮ್ಮ 120 ವಿಎ ಪರಿವರ್ತಕದ ಪೂರ್ಣ ಪ್ರವಾಹ 10 ಆಂಪಿಯರ್. ಪೂರ್ಣ ಹೊರೆಯಲ್ಲಿ ವೋಲ್ಟೇಜು ಶೇಕಡಾ 10ರಷ್ಟು ಇಳಿಯುತ್ತದೆಂದರೆ ಅದರ ಆಂತರಿಕ ರೋಧ ಸುಮಾರು 0.12 ಓಮ್. 15 ಮೀಟರ್ ದೂರದ ಕವಲಿನ ಕೊನೆಯಲ್ಲಿ ಗುದ್ದಲಿ ತಗುಲಿ ಎರಡು ತಂತಿಗಳು ಕೂಡಿಕೊಂಡವೆನ್ನಿ. 2.5 ಚ.ಮಿ.ಮೀ. ಕೇಬಲ್ಲಿನ ರೋಧ 0.22 ಓಮ್. ಒಟ್ಟು 0.34 ಓಮ್. ಹರಿಯುವ ಪ್ರವಾಹ 12 ÷ 0.34 = 35 ಆಂಪಿಯರ್. ಪೂರ್ಣ ಪ್ರವಾಹದ ಮೂರೂವರೆ ಪಟ್ಟು!

ಪ್ರಾಥಮಿಕದ ಕಡೆಯಿಂದ ನೋಡಿದರೆ ಇದು 35 × 12 ÷ 230 = 1.8 ಆಂಪಿಯರ್ ಮಾತ್ರ. 6 ಆಂಪಿಯರಿನ ಎಂಸಿಬಿಗೆ ಇದು ದೋಷವೆಂದೇ ಅನ್ನಿಸುವುದಿಲ್ಲ. ಅದು ಸುಮ್ಮನಿರುತ್ತದೆ, ಪರಿವರ್ತಕ ಕಾಯುತ್ತಾ ಹೋಗಿ ಅದರ ಅವಾಹಕ ಕರಗುತ್ತದೆ. ಶಾಕ್‌ನಿಂದ ತಪ್ಪಿಸಿಕೊಂಡವರು ಬೆಂಕಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಆದ್ದರಿಂದ ದ್ವಿತೀಯಕದ ಕಡೆ ಪ್ರತಿ ಕವಲಿಗೂ ಒಂದೊಂದು ಫ್ಯೂಸು ಇರಲೇಬೇಕು. ನಮ್ಮ ಉದಾಹರಣೆಯಲ್ಲಿ ಕವಲಿನ ಪ್ರವಾಹ 3.5 ಆಂಪಿಯರ್, 5 ಆಂಪಿಯರಿನ ಫ್ಯೂಸು ಸರಿ. ಪ್ರಾಥಮಿಕದ ಕಡೆ 1 ಆಂಪಿಯರಿನ, ನಿಧಾನವಾಗಿ ಕರಗುವ ಫ್ಯೂಸು ಹಾಕಿ. ಸ್ವಿಚ್ ಒತ್ತಿದ ಕ್ಷಣದಲ್ಲಿ ತಿರುಳು ಎಳೆದುಕೊಳ್ಳುವ ಪ್ರವಾಹಕ್ಕೆ ಸಾಧಾರಣ ಫ್ಯೂಸು ವೃಥಾ ಕರಗೀತು. ಪರಿವರ್ತಕದವರೆಗಿನ 230 ವೋಲ್ಟ್ ಮಾರ್ಗಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ರಕ್ಷಣೆ ಕೊಡಿ. ಆರ್‌ಸಿಸಿಬಿ ಆ ಮಾರ್ಗವನ್ನು ಕಾಯುತ್ತದೆಯೇ ಹೊರತು ಪರಿವರ್ತಕದ ಆಚೆಗಿನ ದೋಷಗಳು ಅದಕ್ಕೆ ಕಾಣುವುದಿಲ್ಲ ಎಂಬುದು ನೆನಪಿರಲಿ. 230 ವೋಲ್ಟ್‌ನ ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಮಳೆ, ಬಿಸಿ ಮತ್ತು ಇರುವೆ

ಹೊರಗೆ ಇಡುವ ಪೆಟ್ಟಿಗೆಯ ಮೇಲೆ 'ಐಪಿ' ಎಂದು ಆರಂಭವಾಗುವ ಎರಡಂಕಿ ಇರುತ್ತದೆ. ಮೊದಲ ಅಂಕಿ ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಐಪಿ 44 ಎಂದರೆ ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ. ಸಜ್ಜದ ಕೆಳಗೆ ಸಾಕು. ಐಪಿ 65 ಧೂಳನ್ನು ಪೂರ್ತಿ ತಡೆದು, ಪೈಪಿನ ಧಾರೆಯನ್ನೂ ತಾಳುತ್ತದೆ. ಬಯಲಿನಲ್ಲಿಡಲು ಇದು ಬೇಕು. ಐಪಿ 67 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ನೀರು ನಿಲ್ಲುವ ಕಡೆ ನೆಲದಲ್ಲಿ ಹುದುಗಿಸುವ ದೀಪಗಳಿಗೆ ಇದಕ್ಕಿಂತ ಕಡಿಮೆ ಬೇಡ.

ಆದರೆ ನೀರು ನುಗ್ಗದಂತೆ ಮುಚ್ಚಿದ ಪೆಟ್ಟಿಗೆಯಿಂದ ಬಿಸಿಯೂ ಸುಲಭವಾಗಿ ಹೊರಹೋಗದು. ತಾಪ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಾಗಲೂ ಅವಾಹಕದ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಇಂಜಿನಿಯರುಗಳ ಅನುಭವಸೂತ್ರ. ಆದ್ದರಿಂದ ಪೆಟ್ಟಿಗೆಯನ್ನು ಪಶ್ಚಿಮದ ಬಿಸಿಲಿಗೆ ಒಡ್ಡಬೇಡಿ. ಗುಂಡಿಯಲ್ಲಿಯೂ ಇಡಬೇಡಿ. ಗೋಡೆಗೆ ಅಥವಾ ಕಂಬಕ್ಕೆ, ನೆಲದಿಂದ ಕನಿಷ್ಠ ಒಂದಡಿ ಮೇಲೆ, ಕೇಬಲ್ಲಿನ ತೂತುಗಳು ಕೆಳಮುಖವಾಗಿರುವಂತೆ ಬಿಗಿಯಿರಿ. ತೂತುಗಳನ್ನು ರಬ್ಬರ್ ಗ್ರಂಥಿಗಳಿಂದ ಮುಚ್ಚಿ. ಇರುವೆ, ಹಲ್ಲಿಗಳಿಗೆ ಬೆಚ್ಚನೆಯ ಪೆಟ್ಟಿಗೆ ಬಹಳ ಇಷ್ಟ.

ದೀಪ ಆರಿದ್ದರೂ ಪ್ರಾಥಮಿಕಕ್ಕೆ ವಿದ್ಯುತ್ ಹರಿಯುತ್ತಿದ್ದರೆ ತಿರುಳಿನಲ್ಲಿ ನಷ್ಟ ಆಗುತ್ತಲೇ ಇರುತ್ತದೆ. ಅದು 5 ವಾಟ್ ಎಂದಾದರೆ, ದೀಪ ಬೇಡವಾದ ದಿನದ 19 ಗಂಟೆಗಳಲ್ಲಿ ವರ್ಷಕ್ಕೆ ಸುಮಾರು 35 ಯೂನಿಟ್ ವ್ಯರ್ಥ. ದಿನಕ್ಕೆ 5 ಗಂಟೆ ಉರಿಯುವ ನಮ್ಮ ಹತ್ತೂ ದೀಪಗಳು ವರ್ಷಕ್ಕೆ ಬಳಸುವುದು 91 ಯೂನಿಟ್. ಹೀಗಾಗಿ ಟೈಮರ್ ಅಥವಾ ಸ್ವಿಚ್ಚು ಪರಿವರ್ತಕದ ಹಿಂದೆ, 230 ವೋಲ್ಟ್‌ನ ಕಡೆ ಇರಲಿ. ಹತ್ತು ಗಂಟೆಗೆ ದೀಪ ಆರಿಸಿದರೆ ಸಂಪಿಗೆ, ಪಾರಿಜಾತಗಳಿಗೆ ಬರುವ ಇರುಳಿನ ಕೀಟಗಳಿಗೂ ಉಪಕಾರ.

ತರಗತಿಯಲ್ಲಿ ಮಾಡಿ ನೋಡಿ

ಮೇಲಿನ ಲೆಕ್ಕವನ್ನು 230 ವೋಲ್ಟ್‌ನ ಹತ್ತಿರ ಸುಳಿಯದೆಯೇ ಪರೀಕ್ಷಿಸಬಹುದು. ಬೇಕಾಗುವ ಸಾಮಗ್ರಿ: 12 ವೋಲ್ಟ್‌ನ ಸ್ಕೂಟರ್ ಬ್ಯಾಟರಿ, 10 ವಾಟ್‌ನ ಮೂರು ಇಂಡಿಕೇಟರ್ ಬಲ್ಬುಗಳು, 0.5 ಚ.ಮಿ.ಮೀ. ದಪ್ಪದ 20 ಮೀಟರ್ ತಂತಿ, 5 ಆಂಪಿಯರಿನ ಫ್ಯೂಸು ಮತ್ತು ಮಲ್ಟಿಮೀಟರ್. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಜೋಡಿಸಿ. 10 ಮೀಟರ್ ಜೋಡಿತಂತಿಯ ಕೊನೆಯಲ್ಲಿ ಮೂರೂ ಬಲ್ಬುಗಳನ್ನು ಸಮಾಂತರವಾಗಿ ಹಾಕಿ, ಬ್ಯಾಟರಿಯ ಬಳಿಯೂ ಬಲ್ಬಿನ ಬಳಿಯೂ ವೋಲ್ಟೇಜ್ ಅಳೆಯಿರಿ. ಎರಡು ವೋಲ್ಟ್‌ಗೆ ಸಮೀಪದ ಕುಸಿತ ಕಾಣಬೇಕು. ಬಳಿಕ ಬ್ಯಾಟರಿಯನ್ನು ತಂತಿಯ ನಡುವಿಗೆ ಜೋಡಿಸಿ, ಎರಡು ಬಲ್ಬನ್ನು ಒಂದು ತುದಿಗೂ ಒಂದನ್ನು ಇನ್ನೊಂದು ತುದಿಗೂ ಇಟ್ಟು ಮತ್ತೆ ಅಳೆಯಿರಿ. ಎಷ್ಟು ಬದಲಾಗಬೇಕೆಂದು ವಿದ್ಯಾರ್ಥಿಗಳು ಮೊದಲೇ ಲೆಕ್ಕ ಹಾಕಿ ಬರೆದಿಡಲಿ. ಅಳತೆಗೂ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಅವರೇ ಚರ್ಚಿಸಲಿ. ಬಲ್ಬಿನ ತಂತುವಿನ ರೋಧ ತಾಪದೊಂದಿಗೆ ಬದಲಾಗುವುದು ಆಗ ತಾನಾಗಿ ಮಾತಿಗೆ ಬರುತ್ತದೆ.

ಅಂಗಡಿಗೆ ಹೋಗುವ ಮೊದಲು

ಬರೆದಿಟ್ಟುಕೊಳ್ಳಬೇಕಾದ ಐದು ಪ್ರಶ್ನೆಗಳು ಇವು:

1. ದೀಪಕ್ಕೆ ಬೇಕಾದದ್ದು ಪರ್ಯಾಯ ವಿದ್ಯುತ್ತೋ ನೇರ ವಿದ್ಯುತ್ತೋ? 12 ವೋಲ್ಟೋ 24 ವೋಲ್ಟೋ?
2. ಪರಿವರ್ತಕದಲ್ಲಿ ಸುರಕ್ಷತಾ ಬೇರ್ಪಡಿಕೆ ಇದೆಯೇ?
3. ಒಟ್ಟು ಹೊರೆ ಎಷ್ಟು ವಿಎ? ಅದು ಪರಿವರ್ತಕದ ಸಾಮರ್ಥ್ಯದ ಶೇಕಡಾ 50ರಿಂದ 80ರ ನಡುವೆ ಇದೆಯೇ?
4. ಪರಿವರ್ತಕವನ್ನು ಎಲ್ಲಿ ಇಡುವುದು, ಕೊನೆಯ ದೀಪಕ್ಕೆ ಎಷ್ಟು ವೋಲ್ಟ್ ತಲುಪುತ್ತದೆ?
5. ಪ್ರತಿ ಕವಲಿಗೂ ಫ್ಯೂಸು ಇದೆಯೇ, ಪೆಟ್ಟಿಗೆಯ ಐಪಿ ಅಂಕಿ ಜಾಗಕ್ಕೆ ತಕ್ಕುದಾಗಿದೆಯೇ?

ಈ ಐದಕ್ಕೂ ಉತ್ತರ ಬರೆದ ಚೀಟಿ ಕೈಯಲ್ಲಿದ್ದರೆ, ಚಿಕ್ಕಪೇಟೆಯ ಅಂಗಡಿಯಾಗಲಿ ನಿಮ್ಮ ಬಡಾವಣೆಯ ಎಲೆಕ್ಟ್ರಿಕಲ್ ಅಂಗಡಿಯಾಗಲಿ, ಬೆಲೆಯೊಂದನ್ನೇ ನೋಡಿ ಕೊಳ್ಳುವ ಪ್ರಮೇಯ ಬರುವುದಿಲ್ಲ. ನಿಮ್ಮ ಶಾಲೆಯ ಅಂಗಳದಲ್ಲಿ ಈಗಾಗಲೇ ದೀಪಗಳಿದ್ದರೆ, ಈ ಮಳೆಗಾಲಕ್ಕೆ ಮುನ್ನ ಎರಡನೆಯ ಮತ್ತು ಐದನೆಯ ಪ್ರಶ್ನೆಗಳನ್ನಾದರೂ ಎಲೆಕ್ಟ್ರಿಷಿಯನ್ನರ ಜೊತೆ ನಿಂತು ಪರಿಶೀಲಿಸಿ.